ಬಾಗಿಲ ಆಚೆ ಒಂದು ಜೊತೆ ಚಪ್ಪಲಿ

ಬಾಗಿಲ ಸಂದಿಯಲ್ಲಿ ಕೈಯೊಂದು ಕಂಡಿತು, ಸುಕ್ಕುಬಿದ್ದ ಮಣಿಕಟ್ಟು, ಸವೆದ ಎರಡು ಬಳೆ, ಬಾಗಿ ಚಪ್ಪಲಿಯನ್ನು ಎತ್ತಿಕೊಂಡಿತು, ಆಮೇಲೆ ಬೆಳಕಿನ ಪಟ್ಟಿ ಬೆರಳಷ್ಟಾಯಿತು, ನೂಲಾಯಿತು, ಹೋಯಿತು — ಬಾಗಿಲ ಅಂಚಿನ ರಬ್ಬರು ಚೌಕಟ್ಟಿಗೆ ಕಚ್ಚಿಕೊಂಡ ಸದ್ದು, ದೊಡ್ಡದೇನಲ್ಲ, ಡಬ್ಬಿ ಮುಚ್ಚಿದ ಹಾಗೆ. ಹೋಟೆಲಿನ ಫ್ರೀಜರ್ ಕೋಣೆಯೊಳಗೆ ಅಡುಗೆಯವನು ಹೆಪ್ಪುಗಟ್ಟಿದ ಬಟಾಣಿ ಚೀಲವನ್ನು ಎದೆಗವಚಿಕೊಂಡು ಹಾಗೇ ನಿಂತ, ನಗು ಬಂತು, ಮಿಸ್, ನಾನು ಒಳಗಿದೀನಿ, ಬಾಗಿಲು ತೆಗೀರಿ, ಅಂದ, ಮನೆಯಲ್ಲಿ ಯಾರೋ ಮರೆತು ಬಚ್ಚಲ ಬಾಗಿಲ ಚಿಲಕ ಹಾಕಿಕೊಂಡು ಹೋದಾಗ ಕೂಗುವಷ್ಟೇ ಸಲೀಸಾಗಿ, ಆಮೇಲೆ ಚೀಲ ಕೆಳಗೆ ಹಾಕಿ ಎರಡೂ ಅಂಗೈಯಿಂದ ಬಡಿದ, ದಪ್ಪ ಬಾಗಿಲು, ಬಡಿತವೆಲ್ಲ ಅದರ ಹೊಟ್ಟೆಗೇ ಹೋಯಿತು, ಮತ್ತೆ ಆ ಹೆಂಗಸಿಗೆ ಕೇಳಿಸುವುದಾದರೂ ಹೇಗೆ, ಮಧ್ಯಾಹ್ನ ಊಟವಾಯಿತೆಂದರೆ ಕಿವಿಯ ಮಿಷನ್ ತೆಗೆದು ಡಬ್ಬಿಗೆ ಹಾಕುತ್ತಾರೆ, ಬ್ಯಾಟರಿ ಉಳಿಯುತ್ತಲ್ಲಪ್ಪಾ, ನೀವು ಮಾತಾಡೋದ್ರಲ್ಲಿ ಕೇಳಿಸ್ಕೊಳ್ಳೋ ಅಂಥದ್ದೇನಿದೆ, ಎಂದು ನಿನ್ನೆ ತಾನೇ ಬಸ್ಸಿನಲ್ಲಿ ಎಲ್ಲರನ್ನೂ ನಗಿಸಿದ್ದರು. ಹೆಡ್‌ಮಿಸ್ಸು. ಪ್ರವಾಸದ ತಂಡದಲ್ಲೇ ಹಿರಿಯರು, ಮಂಡಿ ನೋವೆಂದು ಇವತ್ತು ಊರು ನೋಡಲು ಹೋಗಲಿಲ್ಲ, ಫ್ಲಾಸ್ಕಿಗೆ ಬಿಸಿನೀರು ಹುಡುಕಿಕೊಂಡು ಹೋಟೆಲಿನ ಅಡುಗೆಮನೆಗೆ ಇಳಿದು ಬಂದಿರಬೇಕು, ಬಂದವರಿಗೆ ಕಂಡದ್ದೇನು, ಒಂದು ಚಪ್ಪಲಿ ನೆಲದ ಮೇಲೆ ಅಡ್ಡಾದಿಡ್ಡಿ, ಇನ್ನೊಂದು ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿದೆ, ಜೀವಮಾನವಿಡೀ ತರಗತಿಯ ಹೊರಗೆ ಮಕ್ಕಳ ಚಪ್ಪಲಿ ಸಾಲಾಗಿ ಬಿಡಿಸಿದ ಕೈ ಸುಮ್ಮನಿದ್ದೀತೇ, ಹೋಟೆಲಿನ ಕಾರಿಡಾರಿನಲ್ಲೂ ಯಾರ ಬಾಗಿಲ ಮುಂದೆ ಬೂಟು ಓರೆಯಾಗಿದ್ದರೂ ನಿಂತು ಸರಿಮಾಡಿಯೇ ಮುಂದೆ ಹೋಗುವವರು. ಜೋಡಿಸಿಟ್ಟರು. ಹೋದರು. ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಫ್ಲಾಸ್ಕು ತುಂಬಿಸಿಕೊಂಡು ಮೆಟ್ಟಿಲು ಹತ್ತುತ್ತಿರಬಹುದು ಈಗ.

ದೀಪ ಆರಿತು. ಸತ್ತೆ ಅಂದುಕೊಂಡ, ಕೈ ಆಡಿಸಿದ, ಹತ್ತಿತು — ಇಲ್ಲಿನ ದೀಪ ಹಾಗೆ, ಒಳಗೆ ಏನಾದರೂ ಅಲುಗಾಡಿದರೆ ಮಾತ್ರ ಉರಿಯುತ್ತದೆ, ಸುಮ್ಮನೆ ನಿಂತವನು ಅದರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಒಳಗಿನಿಂದ ಬಾಗಿಲು ತೆಗೆಯುವ ಗುಂಡಿಯನ್ನು ಒತ್ತಿದ, ಗೊತ್ತಿದ್ದೂ ಒತ್ತಿದ, ಅದು ಹಲ್ಲು ಬಿದ್ದ ಬಾಯಿಯ ಹಾಗೆ ಲೊಳಕ್ಕೆಂದಿತು, ಅಷ್ಟೇ, ಹೋದ ವರ್ಷವೂ ಹೀಗೇ ಇತ್ತು, ಅದರ ಹಿಂದಿನ ವರ್ಷವೂ, ಪಾತ್ರೆ ಅಕ್ಕ ತೋರಿಸಿಕೊಟ್ಟಿದ್ದಳು. ಈ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು, ಇವನೇ ಇಟ್ಟ ಹೆಸರು, ನಿಜವಾದ ಹೆಸರು ಇವನ ನಾಲಿಗೆಗೆ ಬಗ್ಗಲಿಲ್ಲ, ಇವನ ಹೆಸರು ಅವಳ ನಾಲಿಗೆಗೂ. ಮೊದಲ ದಿನವೇ ಇವನ ತೋಳು ಹಿಡಿದು ಇಲ್ಲಿಗೆ ಎಳೆದುಕೊಂಡು ಬಂದು, ಗುಂಡಿ ಒತ್ತಿ, ಅದರ ಗತಿ ತೋರಿಸಿ, ಕೈಯಿಂದ ಕತ್ತು ಕೊಯ್ದುಕೊಳ್ಳುವ ಹಾಗೆ ಮಾಡಿ, ಗಹಗಹಿಸಿ ನಕ್ಕು, ತನ್ನ ಕಾಲಿನ ಕಪ್ಪು ರಬ್ಬರ್ ಚಪ್ಪಲಿ ಬಿಚ್ಚಿ ಬಾಗಿಲ ಸಂದಿಗೆ ಸಿಕ್ಕಿಸಿದ್ದಳು. ಅದು ಅಲ್ಲಿನ ಕಾನೂನು. ಸಂದಿಯಲ್ಲಿ ಚಪ್ಪಲಿ ಇದೆಯೆಂದರೆ ಒಳಗೆ ಮನುಷ್ಯನಿದ್ದಾನೆ, ಮುಟ್ಟಕೂಡದು. ಜೊತೆಯಾಗಿ ಕೂತಿವೆಯೆಂದರೆ ಚಪ್ಪಲಿಯ ಯಜಮಾನ ಕೆಲಸ ಮುಗಿಸಿ, ರಸ್ತೆಯ ಬೂಟು ಮೆಟ್ಟಿ ಹೊರಗೆ ಹೋಗಿದ್ದಾನೆ. ಹೊಸದಾಗಿ ಬಂದ ತರಕಾರಿ ಹೆಚ್ಚುವವನೊಬ್ಬ ಒಮ್ಮೆ ಇವನ ಚಪ್ಪಲಿಯನ್ನು ಒದ್ದು ಬಾಗಿಲು ಹಾಕಹೊರಟಾಗ ಅವಳು ಒದ್ದೆ ಸೌಟಿನಿಂದ ಅವನ ಬೆನ್ನಿಗೆ ಬಿಗಿದಿದ್ದಳು, ಆಮೇಲೆ ಯಾರೂ ಮರೆಯಲಿಲ್ಲ. ಮರೆಯದವರೇ ಈಗ ಬರುತ್ತಾರೆ, ಸಂಜೆಯ ಕೆಲಸಕ್ಕೆ, ಜೋಡಿ ಚಪ್ಪಲಿ ನೋಡುತ್ತಾರೆ, ಓ, ಇವನು ಕೊನೆಗೂ ಹೊರಗೆ ಹೋದ ಅಂದುಕೊಳ್ಳುತ್ತಾರೆ —

ಹೋಗಬೇಕಿತ್ತು ಕೂಡ. ಅದೇ ತಮಾಷೆ. ಬೆಳಿಗ್ಗೆಯೇ ಭಾವ ಎಲ್ಲರೆದುರು ಹೇಳಿದ್ದ, ಇವತ್ತು ನಮ್ಮ ಭಟ್ಟರಿಗೂ ರಜಾ, ರಾತ್ರಿ ಊಟಕ್ಕೆ ಕೈಹಚ್ಚೋವರೆಗೆ ಊರು ಸುತ್ತಿ ಬರ್ತಾರೆ, ಯಾರೂ ಕಾಫಿ ಗೀಫಿ ಅಂತ ಕೂಗಬೇಡಿ. ಅಕ್ಕನ ಗಂಡ, ಕಂಪನಿ ಅವನದು, ಪರದೇಶದಲ್ಲೂ ಮನೆಯೂಟ ಎಂಬುದೇ ಅದರ ಜಾಹೀರಾತು, ಆ ಮನೆಯೂಟ ಎಂದರೆ ಇವನು, ಪಾತ್ರೆಗಳ ಪೆಟ್ಟಿಗೆಯ ಜೊತೆ ಬಸ್ಸಿನ ಹಿಂದಿನ ಸೀಟಿನಲ್ಲಿ ದೇಶದಿಂದ ದೇಶಕ್ಕೆ ಹೋಗುವವನು. ಹೋದಲ್ಲೆಲ್ಲ ಹೋಟೆಲಿನ ಅಡುಗೆಮನೆ, ಅಡುಗೆಮನೆಯ ಹಿಂಬಾಗಿಲು, ಹಿಂಬಾಗಿಲಲ್ಲಿ ಕಸದ ಡ್ರಮ್ಮು, ಎಲ್ಲ ದೇಶದ ಕಸವೂ ಒಂದೇ ವಾಸನೆ. ಫೋನಿನಲ್ಲಿ ಹೆಂಡತಿ, ಏನೇನು ನೋಡಿದ್ರಿ ಅಂತಾಳೆ, ಇವನು ತಂಡದವರು ಕಳಿಸಿದ ಫೋಟೋಗಳನ್ನೇ ಅವಳಿಗೆ ದಾಟಿಸುತ್ತಾನೆ, ಅಗೋ ಗೋಪುರ, ಅಗೋ ಸೇತುವೆ, ಅವಳು ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿ ಬೀಗುತ್ತಾಳೆ, ಮೊನ್ನೆ ಮಾತ್ರ ಅಂದಳು, ಅಲ್ಲಾ ಇಷ್ಟು ದೇಶ ಸುತ್ತಿದ್ರಲ್ಲ, ಒಂದ್ರಲ್ಲಾದ್ರೂ ನೀವು ಕಾಣಿಸ್ಬೇಡ್ವಾ. ಕೇಳಿದ ಧಾಟಿಯಲ್ಲಿ ಅನುಮಾನವಿರಲಿಲ್ಲ, ಅದಕ್ಕೇ ಚುಚ್ಚಿತು. ಇವತ್ತು ಸೇತುವೆಯ ಮೇಲೆ ನಿಂತು ತನ್ನದೇ ಒಂದು ಫೋಟೋ ತೆಗೆಸಿಕೊಂಡು ಬರುವುದೆಂದಿತ್ತು, ಇಸ್ತ್ರಿಯ ಅಂಗಿ ರೂಮಿನಲ್ಲಿ ಮಂಚದ ಮೇಲೆ ಕೈಚಾಚಿ ಮಲಗಿದೆ, ಫೋನು ಹೊರಗೆ ಕಟ್ಟೆಯ ಮೇಲೆ ಚಾರ್ಜಿಗಿದೆ. ಹೋಗುವ ಮುಂಚೆ ಬಟಾಣಿ ತೆಗೆದು ನೀರಿಗೆ ಹಾಕಿದರೆ ಬರುವಷ್ಟರಲ್ಲಿ ಮಂಜು ಬಿಟ್ಟಿರುತ್ತದೆ, ಎರಡು ನಿಮಿಷದ ಕೆಲಸ, ಕೋಟು ಯಾಕೆ — ಬಾಗಿಲ ಹೊರಗಿನ ಮೊಳೆಗೆ ತೂಗಿಬಿಟ್ಟ ದಪ್ಪ ಕೋಟನ್ನು ಮೂರು ವರ್ಷದಿಂದ ಒಮ್ಮೆಯೂ ಹಾಕಿಕೊಂಡವನಲ್ಲ. ಬನಿಯನ್ನು, ತೆಳು ಅಂಗಿ, ಕಾಲಿಗೆ ಬರೀ ಕಾಲುಚೀಲ. ಕಾಲಿನ ಕೆಳಗೆ ಲೋಹದ ನೆಲ ಸುಡುತ್ತಿದೆ, ತಣ್ಣಗಿರುವುದು ಸುಡುತ್ತದೆಂದು ಇವತ್ತು ಗೊತ್ತಾಯಿತು, ರಟ್ಟಿನ ಪೆಟ್ಟಿಗೆ ಹರಿದು ಹಾಸಿಕೊಂಡ, ಚೂರುಗಳನ್ನು ಅಂಗಿಯೊಳಗೆ ತುರುಕಿದ, ಈಗ ಇವನೂ ಇಲ್ಲಿನ ಒಂದು ಪೆಟ್ಟಿಗೆ, ಕೆಡದ ಹಾಗೆ ಇಡತಕ್ಕದ್ದು.

ದೀಪ. ಕೈ ಆಡಿಸು. ಹತ್ತಿತು. ನಿದ್ದೆ ಬಂದರೆ ಬೈಯಬೇಕು, ಅದನ್ನು ಹೇಳಿಕೊಟ್ಟವನು ಮಫ್ಲರಿನವನು, ಹಿಂದಿನ ದೇಶದ ಬಸ್ ಡ್ರೈವರು, ಅಲ್ಲ, ಅದರ ಹಿಂದಿನದು, ಹಿಮದಲ್ಲಿ ಬಸ್ಸು ಹೂತುಹೋಗಿ ಹೀಟರೂ ಕೆಟ್ಟಿತ್ತು, ಕೂತವರೆಲ್ಲ ತೂಕಡಿಸತೊಡಗಿದಾಗ ಅವನು ಸೀಟಿನ ಮೇಲೆ ಗುದ್ದಿ ಗುದ್ದಿ ಎಬ್ಬಿಸಿದ, ಭಾವ ತರ್ಜುಮೆ ಮಾಡಿದ, ಮಲಗಬೇಡಿ ಅಂತಿದಾನೆ, ಮನೇಲಿ ಯಾರ ಮೇಲೆ ಸಿಟ್ಟಿದೆಯೋ ಅವರನ್ನು ಜೋರಾಗಿ ಬೈಯಿರಿ ಅಂತಿದಾನೆ. ಡ್ರೈವರು ತಾನೇ ಶುರುಮಾಡಿದ, ಅಣ್ಣನಂತೆ, ದೋಣಿಯಂತೆ, ಅಪ್ಪನ ದೋಣಿಯನ್ನು ಅಣ್ಣ ಒಬ್ಬನೇ ನುಂಗಿ ಹಾಕಿದನಂತೆ, ಭಾವ ತರ್ಜುಮೆ ಮಾಡುವ ಮೊದಲೇ, ಒಂದಕ್ಷರ ಅರ್ಥವಾಗದೆಯೂ ಬಸ್ಸು ಬಸ್ಸೇ ಹೊಟ್ಟೆ ಹಿಡಿದು ನಕ್ಕಿತು, ಆಮೇಲೆ ಎಲ್ಲರೂ ಬೈದರು, ಅತ್ತೆಯನ್ನು, ಸೊಸೆಯನ್ನು, ಮ್ಯಾನೇಜರನ್ನು, ಇವನ ಸರದಿ ಬಂದಾಗ ಭಾವ ಎದುರಿಗೇ ಕೂತಿದ್ದ, ಯಾರೂ ಇಲ್ಲ ಬಿಡಿ ಅಂದುಬಿಟ್ಟ. ಪ್ರವಾಸ ಮುಗಿದು ಮಫ್ಲರಿನವನು ಪಾತ್ರೆಗಳ ಪೆಟ್ಟಿಗೆ ಇಳಿಸಿಕೊಟ್ಟು ಇನ್ನೊಂದು ತಂಡ ಹತ್ತಿಸಿಕೊಂಡು ಹೊರಟ, ತಿರುಗಿ ಕೂಡ ನೋಡಲಿಲ್ಲ, ನೋಡಬೇಕಾದರೂ ಯಾಕೆ. ಈಗ ಬೈಯಬಹುದು, ಕೇಳುವವರಿಲ್ಲ. ಭಾವಾ, ನಿನ್ನ ಮನೆ ಹಾಳಾಗ, ರಜಾ ಕೊಟ್ಟದ್ದೂ ಕೊಟ್ಟೆ ಊರಿಗೆಲ್ಲ ಸಾರಿಬಿಟ್ಟೆ, ಭಟ್ಟ ಭಟ್ಟ ಅಂತ ಕರೀತೀಯಲ್ಲ, ನಾನು ನಿನ್ನ ಹೆಂಡತಿಯ ತಮ್ಮ ಕಣೋ, ಒಂದು ದಿನ ನಿನ್ನ ಜೊತೆ ಒಂದೇ ಮೇಜಿಗೆ ಕೂತು ಉಂಡಿದೀನೇನೋ — ಬಾಯಿಂದ ಹೊಗೆ ಬರುತ್ತಿದೆ, ಹಲ್ಲು ಮಾತನ್ನು ತುಂಡು ತುಂಡು ಮಾಡುತ್ತಿದೆ — ಹೆಡ್‌ಮಿಸ್ಸೇ, ನಿಮ್ಮ ಶಿಸ್ತಿಗಿಷ್ಟು ಬೆಂಕಿ ಹಾಕ, ಸಂದಿಯಲ್ಲಿರೋ ಚಪ್ಪಲಿ ಯಾಕಪ್ಪಾ ಅಲ್ಲಿದೆ ಅಂತ ಒಂದು ಸಲ ಕೇಳಬಾರದಾಗಿತ್ತೇ, ಯಾರನ್ನ ಕೇಳುತ್ತಾರೆ, ಅವರ ಕೈ ಕೇಳುವುದಿಲ್ಲ, ಜೋಡಿಸುತ್ತದೆ. ಹೆಂಡತಿಯನ್ನು ಬೈಯಹೋದ, ಫೋಟೋ ಬೇಕಾ ನಿನಗೆ, ಫೋಟೋ, ಅಂದ, ಮುಂದೆ ಬರಲಿಲ್ಲ, ಬೈಗುಳವಿಲ್ಲದ ಕಡೆ ನಿದ್ದೆ ಸಂದಿ ಹುಡುಕಿಕೊಂಡು ಒಳಗೆ ಬಂತು.

ದೀಪ ಆರಿದೆ, ಯಾವಾಗ ಆರಿತು, ಕೈ ಎತ್ತಿದೆನಲ್ಲ, ಎತ್ತಿದೆ ಅಂದುಕೊಂಡದ್ದು ಮಾತ್ರ, ಎತ್ತು, ಎತ್ತಿದ, ಹತ್ತಿತು, ಬಟಾಣಿ ಚೀಲದ ಮೇಲೆ ಹಸಿರು, ಬೆರಳುಗಳು ಯಾರವೋ. ನಡುಗುವುದು ಕಡಿಮೆಯಾಗಿದೆ, ಒಳ್ಳೆಯದಲ್ಲ ಅದು, ಮಫ್ಲರಿನವನು ಅದನ್ನೂ ಹೇಳಿದ್ದ. ಪಾತ್ರೆ ಅಕ್ಕನೇ ಮೊದಲು ಬರುವುದು, ಯಾವಾಗಲೂ ಅವಳೇ, ಬಂದವಳೇ ದೊಡ್ಡ ಬಾಣಲೆಗೆ ಸೌಟಿನಿಂದ ಒಂದು ಬಾರಿಸುತ್ತಾಳೆ, ಅದು ಅವಳ ನಮಸ್ಕಾರ, ಇವನು ಮುಚ್ಚಳದಿಂದ ಉತ್ತರ ಕೊಡುತ್ತಾನೆ. ಇವನಿಂದ ಅವಳು ಕಲಿತದ್ದು ಒಂದೇ ಮಾತು, ಸಾಕು, ತಟ್ಟೆಗೆ ಅನ್ನ ಹಾಕುವಾಗ ಕಲಿತದ್ದು, ಈಗ ಎಲ್ಲದಕ್ಕೂ ಅದೇ, ನಲ್ಲಿ ತುಂಬಿ ಹರಿದರೆ ಸಾಕು, ಮ್ಯಾನೇಜರು ಬೈದರೆ ಅವನ ಮುಖಕ್ಕೇ ಸಾಕು, ಅವನು ಏನೋ ಮರ್ಯಾದೆಯ ಮಾತೆಂದು ತಲೆಯಾಡಿಸುತ್ತಾನೆ. ಬಾಣಲೆ ಬಾರಿಸುತ್ತಾಳೆ, ಉತ್ತರ ಬರುವುದಿಲ್ಲ, ಇಲ್ಲಿ ನೋಡುತ್ತಾಳೆ. ನೋಡಿದರೆ ಜೋಡಿ. ಹೊರಗೆ ಹೋಗಿದ್ದಾನೆ, ಸಂತೋಷ, ಒಳ್ಳೆಯದಾಯಿತು, ಸಿಂಕಿನ ಕಡೆ ತಿರುಗುತ್ತಾಳೆ, ಅವಳೇ ಮಾಡಿದ ಕಾನೂನು. ಅಲ್ಲ, ತಾಳು. ಅಡುಗೆಯವರು ಬಿಚ್ಚುವುದು ಈ ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಹತ್ತಿರ, ಬಾಗಿಲಿಗೆ ಹಿಮ್ಮಡಿ ಮಾಡಿ, ಬಂದ ಕೂಡಲೇ ಕಾಲು ತೂರಿಸುವಂತೆ, ಮೂತಿ ಅಡುಗೆಮನೆಯ ಕಡೆಗೆ. ಹೆಡ್‌ಮಿಸ್ಸು ಇಡುವುದು ತರಗತಿಯ ಕ್ರಮ, ಮೂತಿ ಬಾಗಿಲಿಗೆ, ಯಾವತ್ತೂ ಬಾಗಿಲಿಗೇ, ಅದನ್ನು ಪಾತ್ರೆ ಅಕ್ಕ ನೋಡಬೇಕು, ಇದ್ಯಾಕೆ ಹೀಗೆ ಅನ್ನಬೇಕು, ನೊರೆ ಹತ್ತಿದ ಕೈಯಲ್ಲೇ ಎರಡು ಹೆಜ್ಜೆ ಈಚೆ ಬರಬೇಕು, ಬರುತ್ತಾಳೆ, ಬಾಣಲೆಯ ಸದ್ದು ಕೇಳಿಸಿತಾ, ಕೇಳಿಸುವುದಿಲ್ಲ ಇಲ್ಲಿ, ಈ ಬಾಗಿಲಿಗೆ ಕಿವಿಯಿಲ್ಲ, ಅಕ್ಕಾ, ಮೂತಿ ನೋಡು, ಮೂತಿ ಯಾವ ಕಡೆಗಿದೆ ನೋಡು, ಕೈ ಎತ್ತು, ದೀಪ, ಎತ್ತಲಿಲ್ಲ, ಕತ್ತಲೆಯಲ್ಲಿ ಅವು ಇನ್ನೂ ಚೆನ್ನಾಗಿ ಕಾಣುತ್ತವೆ, ಬಾಗಿಲ ಆಚೆ, ದೀಪದ ಬೆಳಕಲ್ಲಿ, ಕಪ್ಪಗೆ, ಒದ್ದೆ ನೆಲದ ಮೇಲೆ, ಒಂದಕ್ಕೊಂದು ತಾಗಿಕೊಂಡು, ಯಾರೋ ಬಂದು ಬಾಗಿಲು ತಟ್ಟಲು ನಿಂತ ಹಾಗೆ, ಮೂತಿ ಈ ಕಡೆಗೆ — ಎರಡು ಚಪ್ಪಲಿ, ಕಾಲಿಲ್ಲ, ಮೂತಿ ಈ ಕಡೆಗೆ —