ನಾಲ್ಕನೆಯ ವಾಕ್ಯ

"ಈ ನಾಲ್ಕನೇದನ್ನ ಯಾಕೆ ಹೊಡೆದು ಹಾಕಿದ್ದೀರಿ?" ಎಂದು ಬಡಗಿ ಹಾಳೆಯನ್ನು ಪಾಸ್ಟರ ಮುಂದಕ್ಕೆ ತಳ್ಳಿದರು.

ಬಡಗಿ ಸಭೆಯ ಹಿರಿಯರಲ್ಲೊಬ್ಬರು. ಪಾಸ್ಟರ ತೀರಿಕೊಂಡ ಹೆಂಡತಿಗೆ ಒಡಹುಟ್ಟಿದ ಅಣ್ಣ. ಹೊಸದಾಗಿ ಕಟ್ಟಿದ ಪ್ರಾರ್ಥನಾಲಯದ ಗೋಡೆಗೆ ಬಡಗಿ ಕೆತ್ತಲಿದ್ದ ಹಲಗೆಗಾಗಿ ಸಭೆಯ ನಂಬಿಕೆಗಳನ್ನು ಏಳು ವಾಕ್ಯಗಳಲ್ಲಿ ಬರೆದುಕೊಡುವ ಕೆಲಸ ಪಾಸ್ಟರ ಪಾಲಿಗೆ ಬಂದಿತ್ತು. ನಾಲ್ಕನೆಯದನ್ನು ಅವರೇ ಇಪ್ಪತ್ತು ವರ್ಷ ಸಾರಿದ್ದರು: ವಿಶ್ವಾಸದಿಂದ ಬೇಡುವ ಪ್ರತಿಯೊಬ್ಬನನ್ನೂ ಕರ್ತನು ಗುಣಪಡಿಸುವನು.

ಹೆಂಡತಿ ಹೋಗಿ ಹನ್ನೊಂದು ವಾರವಾಗಿತ್ತು. ಪಾಸ್ಟರು ಇನ್ನೂ ಅತ್ತಿರಲಿಲ್ಲ. ಊಟದ ಹೊತ್ತಿಗೆ ಊಟ, ಪ್ರಸಂಗದ ಹೊತ್ತಿಗೆ ಪ್ರಸಂಗ. ಉಳಿದದ್ದೆಲ್ಲ ಜೋಮು ಹಿಡಿದ ಕಾಲಿನ ಹಾಗೆ.

"ಜನ ಧೈರ್ಯ ಕಳ್ಕೊಳ್ತಾರೆ, ಪಾಸ್ಟರೇ. ಈ ಮಾತು ನಂಬ್ಕೊಂಡೇ ಬಂದೋರು ಎಷ್ಟೋ ಜನ ಇದ್ದಾರೆ."

"ನಿಮ್ಮ ತಂಗೀನೂ ನಂಬಿದ್ಲು, ಭಾವ."

ಬಡಗಿ ಹಾಳೆಯ ಮೇಲಿಂದ ಕೈ ತೆಗೆದರು.

"ಕೊನೇ ವಾರ ನನ್ನ ಕೈ ಹಿಡ್ಕೊಂಡು ಕ್ಷಮಾಪಣೆ ಕೇಳಿದ್ಲು. 'ನಾನು ವಾಸಿ ಆಗ್ಲಿಲ್ಲ, ಸಭೆ ಮುಂದೆ ನಿಮ್ಮ ಮರ್ಯಾದೆ ತೆಗೆದೆ' ಅಂದ್ಲು. ನಾನೇನಂದೆ ಗೊತ್ತಾ? 'ಇನ್ನೂ ಸ್ವಲ್ಪ ನಂಬು' ಅಂದೆ."

ವಾರದ ಪ್ರಕಟಣೆ ಓದುವ ದನಿಯಲ್ಲೇ ಅವರು ಇದನ್ನೂ ಹೇಳಿದರು.

ಬಡಗಿ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೊಮ್ಮೆ ಒರೆಸಿದರು. "ನನ್ನ ಹತ್ರ ಇದನ್ನ ಹೇಳ್ಲೇ ಇಲ್ಲ ಅವಳು," ಎಂದರು. ಕನ್ನಡಕ ಹಾಕಿಕೊಂಡು, "ಹಾಗಾದ್ರೆ ಆ ಜಾಗಕ್ಕೆ ಏನ್ ಬರೀತೀರಿ?"

ಪಾಸ್ಟರು ಬರೆದು ತೋರಿಸಿದರು: ವಾಸಿಯಾದರೂ ಆಗದಿದ್ದರೂ ಕರ್ತನು ನಮ್ಮನ್ನು ಕೈಬಿಡನು.

"ಇದಕ್ಕೆ ಆಮೆನ್ ಅನ್ನೋರು ಕಮ್ಮಿ."

"ನನಗೇ ಇನ್ನೂ ಅನ್ನೋಕೆ ಬಾಯಿ ಬರ್ತಿಲ್ಲ, ಭಾವ."

ಭಾನುವಾರ ಪಾಸ್ಟರು ಏಳನ್ನೂ ಓದಿದರು. ಮೂರನೆಯದಕ್ಕೆ ಆಮೆನ್ ಜೋರಾಗಿಯೇ ಬಂತು. ನಾಲ್ಕನೆಯದಕ್ಕೆ ಯಾರೋ ಕೆಮ್ಮಿದರು, ಅಷ್ಟೆ. ಆರಾಧನೆ ಮುಗಿದಾಗ ಎರಡು ಕುಟುಂಬಗಳು ಕೈಕುಲುಕದೆ ಹೊರಟುಹೋದವು.

ಎಲ್ಲರೂ ಹೋದ ಮೇಲೂ ಹಿಂದಿನ ಸಾಲಿನಲ್ಲಿ ಶಾಲೆಯ ಟೀಚರೊಬ್ಬರು ಕೂತೇ ಇದ್ದರು. ಪಾಸ್ಟರು ಹತ್ತಿರ ಬಂದಾಗ ತಲೆಯ ಮೇಲಿನ ವಸ್ತ್ರವನ್ನು ತುಸು ಸರಿಸಿದರು. ಕೂದಲಿರಲಿಲ್ಲ.

"ಮನೆಯೋರು ಬಿಟ್ರೆ ಯಾರಿಗೂ ಹೇಳಿಲ್ಲ," ಎಂದರು. "ನಂಬಿಕೆ ಸಾಲದು ಅಂದ್ಕೋತಾರೆ ಅಂತ."

ಪಾಸ್ಟರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದ ಬಡಗಿ, ಫ್ಯಾನು ಆರಿಸದೆ, ಹೊರಗೆ ಮೆಟ್ಟಿಲ ಮೇಲೆ ಕೂತುಕೊಂಡರು.