ಸೂಜಿಮೊನೆಯಷ್ಟು ಬೆಳಕು

ಮುಂಡರಗಿಯ ಮುಚ್ಚಿದ ಸ್ಟುಡಿಯೋದಲ್ಲಿ, ಹಳೆಯ ಸಾಮಾನು ಕೊಳ್ಳಲು ಬಂದಿದ್ದ ವೀರೇಶ ಒಂದು ರೇಂಜ್‌ಫೈಂಡರ್ ಕ್ಯಾಮೆರಾವನ್ನು ಎತ್ತಿನ ಹಲ್ಲು ಹಿಡಿದು ನೋಡುವವನ ಹಾಗೆ ಪರೀಕ್ಷಿಸಿದ. ಲೆನ್ಸಿನಲ್ಲಿ ಬೂಷ್ಟಿಲ್ಲ, ಗೀರಿಲ್ಲ. ಕಿಂಡಿಯೊಳಗೆ ಎರಡಾಗಿ ಕಂಡ ಬಾಗಿಲು ಫೋಕಸ್ ತಿರುಗಿಸಿದೊಡನೆ ಒಂದಾಯಿತು. ಹುಳುಕೇ ಇಲ್ಲದಿದ್ದರೆ ಚೌಕಾಶಿ ಮಾಡುವುದು ಹೇಗೆ? ಲೆನ್ಸ್ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದ. ಶಟರಿನ ಕರಿಬಟ್ಟೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು.

“ತೂತು ಬಿದ್ದೈತ್ರಿ ಅಮ್ಮಾರ. ತಗದ ಫೋಟೋಕ್ಕೆಲ್ಲಾ ಒಂದ ಜಾಗಾದಾಗ ಬಿಳಿ ಚುಕ್ಕಿ ಬೀಳತೈತಿ. ಇದನ್ನ ಯಾರು ತಗೋತಾರ?” ಎಂದ, ಗೆದ್ದವನಂತೆ.

ಫೋಟೋಗ್ರಾಫರ್ ತೀರಿಕೊಂಡ ಮೇಲೆ ಸಾಮಾನು ಮಾರಲು ಕೂತಿದ್ದ ಅವನ ಹೆಂಡತಿ ಸಿದ್ದಲಿಂಗವ್ವ ಬೆಚ್ಚಲಿಲ್ಲ. “ನಮ್ಮವರಿಗೆ ಗೊತ್ತಿತ್ತಪಾ. ಮದಿವಿಗೆ ಬ್ಯಾರೆ ಕ್ಯಾಮೆರಾ ಒಯ್ತಿದ್ರು. ಸತ್ತವರನ್ನ ಸಿಂಗಾರ ಮಾಡಿ ಕುಂಡ್ರಿಸಿರ್ತಾರಲ್ಲ, ಅವರಿಗೆ ಇದ. ಆ ಚುಕ್ಕಿ ಸರಿಯಾಗಿ ಕಣ್ಣಿನ ಕೆಳಗ ಬರೂಹಂಗ ತಗೀತಿದ್ರು. ಹೋದವರು ನಮ್ಮನ್ನ ನೆನಿಸಿ ಅತ್ತಾರ ಅಂತ ಮನಿಯವರಿಗೆ ಸಮಾಧಾನ ಆಗತಿತ್ತು.”

ವೀರೇಶನ ಕೈ ನಿಂತಿತು. ಅವ್ವನೊಂದಿಗೆ ಜಗಳಾಡಿ ಮನೆ ಬಿಟ್ಟವನು ಅವಳ ಮಣ್ಣಿಗೂ ಬಂದಿರಲಿಲ್ಲ. ಆಮೇಲೆ ಅಣ್ಣ ಕೊಟ್ಟ ಪಟದಲ್ಲಿ, ವಿಭೂತಿ ಹಚ್ಚಿ ಕೂರಿಸಿದ ಅವ್ವನ ಕಣ್ಣಿನ ಕೆಳಗೆ ಒಂದು ಹನಿ ಹೊಳೆಯುತ್ತಿತ್ತು. ತನ್ನನ್ನು ನೆನೆದು ಅತ್ತಳು, ಕ್ಷಮಿಸಿಯೇ ಹೋದಳು ಎಂದು ಆ ಹನಿಯೊಂದನ್ನೇ ನಂಬಿ ಇಷ್ಟು ವರ್ಷ ಬದುಕಿದ್ದ.

“ನಿಂದ್ಯಾವ ಊರಪಾ?” ಎಂದು ಸಿದ್ದಲಿಂಗವ್ವ ಕೇಳಿದಳು.

“ಡೋಣಿ.”

“ಡೋಣಿಗೆ ಇದನ್ನ ತಗೊಂಡು ಭಾಳ ಸಲ ಹೋಗ್ಯಾರ.”

ವೀರೇಶ ಕ್ಯಾಮೆರಾವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದ. ಅವ್ವನ ಕಣ್ಣೀರು ಅಲ್ಲೇ ಇತ್ತು.