ಐದನೇ ಪುಟ

"ಐದನೇ ಪುಟ ಬಂತು, ನೋಡು ಈಗ," ಎಂದಳು ಇಂದುಮತಿ, ಪಕ್ಕದಲ್ಲಿ ಕೂತ ಗೆಳತಿ ನಿರುಪಮಾಳ ಕಿವಿಯಲ್ಲಿ.

ವೇದಿಕೆಯ ಮೇಲೆ ಉದಯಶಂಕರ ಹಾಳೆ ತಿರುವಿದ. ಕಾಪೆಲ್ ಪಕ್ಕದ ಆ ಸಣ್ಣ ಅಮೆರಿಕನ್ ಊರಿನ ಲೈಬ್ರರಿ ಸಭಾಂಗಣ ಕಿಕ್ಕಿರಿದಿತ್ತು. ಹತ್ತಿರದ ಲಾಸ್ ಕೊಲಿನಾಸ್‌ನಲ್ಲಿ ಕನ್ಸಲ್ಟಿಂಗ್ ಕಂಪನಿ ಕಟ್ಟಿ ದೊಡ್ಡವನಾದ ಈ ಮನುಷ್ಯ ಈಗ ಸಿಟಿ ಕೌನ್ಸಿಲ್ ಚುನಾವಣೆಗೆ ನಿಂತಿದ್ದ. ನೂರೈವತ್ತು ವರ್ಷದ ಹಿಂದೆ ಇದೇ ಊರಲ್ಲಿ ಹತ್ತಿ ಗಿರಣಿ ನಡೆಸಿ, ಆಮೇಲೆ ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಸೆನೆಟರ್ ಆಗಿ ಹೋದ ಸೈಲಸ್ ಹೊಬಾರ್ಟ್ ತನ್ನ ಆದರ್ಶ ಎಂದು ಹೋದಲ್ಲೆಲ್ಲ ಹೇಳುತ್ತಿದ್ದ. ಸೈಲಸ್‌ನ ಜೀವನಚರಿತ್ರೆಯನ್ನೂ ಅಚ್ಚು ಹಾಕಿಸಿ ಹಂಚುತ್ತಿದ್ದ. ಲೇಖಕ: ಉದಯಶಂಕರ.

ಲೇಖಕನಂತೆ, ಲೇಖಕ! ಮೂರು ವರ್ಷ ರಜೆ ಹಾಕಿ ಹಾಕಿ ಆಸ್ಟಿನ್‌ಗೆ ಡ್ರೈವ್ ಮಾಡಿ, ಹಳೇ ದಾಖಲೆಗಳಿಂದ ಆ ಸೈಲಸ್‌ನ ಬದುಕನ್ನು ಹೆಕ್ಕಿ ಬರೆದವಳು ಇಂದುಮತಿ. ಓದಿ ನೋಡಿ ಎಂದು ಕೊಟ್ಟ ಹಸ್ತಪ್ರತಿ ಅವನ ಹೆಸರು ಹೊತ್ತು ಬಂತು. ಕೇಳಿದರೆ, "ಏನ್ರೀ ಇಂದುಮತಿ, ಟೈಪಿಂಗ್ ಸಹಾಯ ಅಂತ ಕೊನೇಲಿ ಥ್ಯಾಂಕ್ಸ್ ಹಾಕಿದೀನಲ್ಲ?" ಎಂದು ನಕ್ಕಿದ್ದ. ಅವತ್ತಿನ ಅವಳ ಸಿಟ್ಟು ಇನ್ನೂ ಆರಿರಲಿಲ್ಲ. ಬರೆದು ಮುಗಿಯದ ಒಂದು ಅಧ್ಯಾಯ ಮಾತ್ರ ಅವಳ ಬಳಿಯೇ ಉಳಿದಿತ್ತು.

ಸೈಲಸ್‌ನ ಸ್ಮಾರಕ ಫಲಕದ ಈ ಸಮಾರಂಭಕ್ಕೆ ಭಾಷಣ ಬೇಕಾದಾಗ ನಾಚಿಕೆಯಿಲ್ಲದೆ ಮತ್ತೆ ಅವಳಿಗೇ ಫೋನ್ ಮಾಡಿದ. ಕನ್ನಡ ಸಂಘದಲ್ಲಿ ಅವನ ರಾಜ್ಯೋತ್ಸವದ ಭಾಷಣಗಳನ್ನು ಬರೆಯುತ್ತಿದ್ದವಳೂ ಅವಳೇ. ಮೊದಲೇ ಓದಿಕೊಂಡು ಬರುವ ಅಭ್ಯಾಸ ಅವನಿಗಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಬಳಿ ಉಳಿದಿದ್ದ ಆ ಅಧ್ಯಾಯವನ್ನು ಭಾಷಣದ ಐದನೇ ಪುಟಕ್ಕೆ ಇಳಿಸಿದ್ದಳು.

"ಮೂರು ವರ್ಷ ನಾನೇ ದಾಖಲೆಗಳನ್ನು ಹುಡುಕಿದೆ," ಎಂದು ಉದಯಶಂಕರ ಇಂಗ್ಲಿಷಿನಲ್ಲಿ ಎದೆಯುಬ್ಬಿಸಿ ಓದಿದ. "ಸೈಲಸ್ ಜೈಲಿನ ಕೈದಿಗಳನ್ನು ಬಾಡಿಗೆಗೆ ತಂದು ಗಿರಣಿಯಲ್ಲಿ ದುಡಿಸಿದ. ಅವರಲ್ಲಿ ಏಳು ಜನ ಅಲ್ಲೇ ಸತ್ತರು. ಅವರ ಹೆಸರುಗಳು..." ಅವನ ದನಿ ಇಳಿಯಿತು. ನಿಲ್ಲಿಸುವಂತಿರಲಿಲ್ಲ, ಎದುರಿಗೆ ಕ್ಯಾಮೆರಾ. ಏಳೂ ಹೆಸರು ಓದಿದ.

ಮುಂದಿನ ಸಾಲಿನಲ್ಲಿ ಕಪ್ಪು ಜನಾಂಗದ ಅಜ್ಜಿಯೊಬ್ಬರು ಕೋಲೂರಿ ಎದ್ದರು. "ಐದನೆಯವರು ನಮ್ಮ ಮುತ್ತಜ್ಜ. ಅವರು ಎಲ್ಲಿ ಸತ್ತರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಯಾವ ದಾಖಲೆಯಲ್ಲಿ ಸಿಕ್ಕಿತು, ಸರ್?"

ಉದಯಶಂಕರ ಮುಂದಿನ ಹಾಳೆ ತಿರುವಿ ನೋಡಿದ. "ಅದನ್ನ ನನ್ನ ಅಸಿಸ್ಟೆಂಟ್ ಹೇಳ್ತಾರೆ," ಎಂದು ಇಂದುಮತಿಯತ್ತ ಕೈ ತೋರಿಸಿದ.

ಇಂದುಮತಿ ಅಲ್ಲಾಡಲಿಲ್ಲ.

"ಏಳೇ, ಪಾಪ, ಅಜ್ಜಿ ನಿಂತೇ ಇದಾರೆ," ಎಂದಳು ನಿರುಪಮಾ.

"ನಾನು ಯಾರ ಅಸಿಸ್ಟೆಂಟೂ ಅಲ್ಲ."

ಅಜ್ಜಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಅವಳತ್ತ ತಿರುಗಿದರು. ಇಂದುಮತಿ ಅದನ್ನು ಕಂಡಳು. ಆದರೂ ಕೂತೇ ಇದ್ದಳು.

ಉದಯಶಂಕರ ವೇದಿಕೆಯ ಅಂಚಿಗೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದ: "ಇಂದುಮತಿ, ಮರ್ಯಾದೆ ಉಳಿಸ್ರೀ. ಕೈ ಮುಗೀತೀನಿ."

"ಬರೆದಿದ್ದು ಯಾರು ಅಂತ ಹೇಳಿ. ಮೈಕ್‌ನಲ್ಲಿ."

ಅವನು ಮೈಕಿಗೆ ಮರಳಿದ. ಹಾಳೆಗಳನ್ನು ಮಡಚಿ ಬದಿಗಿಟ್ಟ. "ಈ ಭಾಷಣ, ಆ ಪುಸ್ತಕ, ಎರಡನ್ನೂ ಬರೆದದ್ದು ಇಂದುಮತಿ," ಎಂದ.

ಅವಳು ಎದ್ದಳು. ವೇದಿಕೆಯತ್ತ ನೋಡದೆ ಅಜ್ಜಿಯ ಬಳಿ ಹೋಗಿ, ಅವರನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಬರೆದುಕೊಡು ಎಂದು ಅಜ್ಜಿ ತಮ್ಮ ಕೈಲಿದ್ದ ಸೈಲಸ್‌ನ ಜೀವನಚರಿತ್ರೆಯನ್ನೇ ಚಾಚಿದರು. ಇಂದುಮತಿ ರಟ್ಟಿನ ಮೇಲೆ, ಲೇಖಕನ ಹೆಸರಿನ ಮೇಲೆಯೇ, ದಾಖಲೆಯ ಸಂಪುಟ ಮತ್ತು ಪುಟದ ಸಂಖ್ಯೆ ಬರೆದಳು.

ಅಜ್ಜಿ ಪುಸ್ತಕವನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದರು. ಇಂದುಮತಿ ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು, ಪೆನ್ನು ಒತ್ತಿ, ಅಂಕಿಗಳನ್ನು ಇನ್ನಷ್ಟು ದಪ್ಪ ಮಾಡತೊಡಗಿದಳು.